ಜರ್ಮನ್ ವಾಕ್ಯದಲ್ಲಿ ಪದಗಳ ಸ್ಥಾನ

ಪಣಂಬೂರಿನ ಕಡಲ ದಂಡೆಯಲ್ಲಿ ನಿಂತವರಿಗೆ ನವಮಂಗಳೂರು ಬಂದರಿಗೆ ಬಂದುಹೋಗುವ ಹಡಗುಗಳು ಕಾಣಸಿಗುತ್ತವೆ. 1974ರಲ್ಲಿ ಆರಂಭವಾದ ಈ ಬಂದರಿನಲ್ಲಿ ಇಳಿಯುವ ಪೆಟ್ಟಿಗೆಗಳಿಗೆ ಅವುಗಳದೇ ಆದ ಗುರುತುಗಳುಂಟು. ಆದುದರಿಂದ ಅವನ್ನು ಯಾವ ಸರದಿಯಲ್ಲಿ ಪೇರಿಸಿದರೂ ಸರಕು ಅದಲುಬದಲಾಗುವುದಿಲ್ಲ. ಗುರುತು ಅಳಿಸಿಹೋದರೆ ಮಾತ್ರ, ಪೆಟ್ಟಿಗೆ ಇರುವ ಸ್ಥಾನವನ್ನೇ ನಂಬಬೇಕಾಗುತ್ತದೆ. ವಾಕ್ಯದೊಳಗಿನ ಪದಗಳ ಸ್ಥಿತಿಯೂ ಹೀಗೆಯೇ.

'ತಂದೆಯು ಮಗನನ್ನು ನೋಡುತ್ತಾನೆ' ಎಂಬ ವಾಕ್ಯದ ಮೂರು ಪದಗಳನ್ನು 6 ಬಗೆಯಾಗಿ ಜೋಡಿಸಬಹುದು. ಒತ್ತು ಬದಲಾದೀತೇ ಹೊರತು, ನೋಡುವವನು ಯಾರೆಂಬುದು ಬದಲಾಗದು. 'ಅನ್ನು' ಎಂಬ ದ್ವಿತೀಯಾ ವಿಭಕ್ತಿಯೇ ಇಲ್ಲಿನ ಗುರುತು.

ಜರ್ಮನ್ ಭಾಷೆಯಲ್ಲಿ ಈ ಗುರುತನ್ನು ಹೆಚ್ಚಾಗಿ ನಾಮಪದದ ಹಿಂದೆ ಬರುವ ಪುಟ್ಟ ಪದವೊಂದು ಹೊರುತ್ತದೆ. 'ಡೇರ್ ಫಾಟರ್ ಜೀಟ್ ಡೇನ್ ಜೋನ್' ಎಂದರೆ ಮೇಲಿನ ವಾಕ್ಯವೇ. 'ಡೇರ್' ಕರ್ತೃವಿಗೆ, 'ಡೇನ್' ಕರ್ಮಕ್ಕೆ. ಆದಕಾರಣ 'ಡೇನ್ ಜೋನ್ ಜೀಟ್ ಡೇರ್ ಫಾಟರ್' ಎಂದರೂ ನೋಡುವವನು ತಂದೆಯೇ. ಆದರೆ ಸಾಮಾನ್ಯ ಹೇಳಿಕೆಯಲ್ಲಿ 'ಜೀಟ್' ಎಂಬ ಕ್ರಿಯಾಪದವು ಎರಡನೆಯ ಸ್ಥಾನವನ್ನು ಬಿಟ್ಟು ಕದಲದು. ಹೀಗಾಗಿ 6 ಜೋಡಣೆಗಳಲ್ಲಿ 2 ಮಾತ್ರ ಸಲ್ಲುತ್ತವೆ. 'ಏಕೆಂದರೆ' ಎಂಬರ್ಥದ 'ವೈಲ್' ಮೊದಲಿಗೆ ಬಂದರೆ ಕ್ರಿಯಾಪದವು ಕನ್ನಡದಲ್ಲಿರುವಂತೆ ಕೊನೆಗೆ ಸರಿಯುವುದು ಸ್ವಾರಸ್ಯದ ಸಂಗತಿ.

ಇನ್ನೊಂದು ಮಿತಿಯೂ ಉಂಟು. 'ಡೀ ಮುಟ್ಟರ್ ಜೀಟ್ ಡೀ ಟೊಖ್ಟರ್' ಎಂಬಲ್ಲಿ ತಾಯಿಗೂ ಮಗಳಿಗೂ 'ಡೀ' ಒಂದೇ. ಗುರುತು ಅಳಿಸಿದೆ, ಆದ್ದರಿಂದ ಮೊದಲು ಬಂದ ತಾಯಿಯೇ ನೋಡುವವಳೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ನಮ್ಮ ಆಡುಮಾತಿನ 'ಹಾವು ಕಪ್ಪೆ ನುಂಗಿತು' ಎಂಬುದರಲ್ಲಿಯೂ ವಿಭಕ್ತಿ ಬಿದ್ದುಹೋಗಿ ಸ್ಥಾನವೇ ಆಸರೆಯಾಗುತ್ತದೆ.

ಈ ಎರಡು ಭಾಷೆಗಳ ನಂಟು ಮಂಗಳೂರಿಗೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದದ್ದು 1834ರಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿಯೂ, ಕನ್ನಡ ವ್ಯಾಕರಣವು 1903ರಲ್ಲಿಯೂ ಈ ಊರಿನಲ್ಲೇ ಅಚ್ಚಾದುವು.

ಪದಸ್ಥಾನದ ಮಹತ್ವವನ್ನು ನಾವು ಕಲಿತದ್ದು ಮಾತ್ರ ಪ್ರಯೋಗಶಾಲೆಯಲ್ಲಿ. ವಿದ್ಯುತ್ ಕುಲುಮೆಯೊಂದರ ಸೂಚನೆ ಹೀಗಿತ್ತು: 'ಷಾಲ್ಟನ್ ಜೀ ಡಾಸ್ ಗೆರೇಟ್ ಫೋರ್ ಡೇಮ್ ಎಫ್ನನ್ ಔಸ್.' ತೆರೆಯುವ ಮುನ್ನ ಉಪಕರಣವನ್ನು ಆರಿಸಿರಿ ಎಂದು ಇದರ ಅರ್ಥ. 'ಷಾಲ್ಟನ್' ಎಂದರೆ ಬರಿಯ ಗುಂಡಿ ತಿರುಗಿಸುವುದು. ಹೊತ್ತಿಸಲು 'ಐನ್', ಆರಿಸಲು 'ಔಸ್' ಎಂಬ ತುಂಡು ವಾಕ್ಯದ ತುದಿಯಲ್ಲಿ ಬರುತ್ತದೆ. ನಾವು ಮೊದಲ ಪದವನ್ನು ನೋಡಿಯೇ 'ಹೊತ್ತಿಸಿ' ಎಂದೆವು. ವಿದ್ಯಾರ್ಥಿಯ ಕೈ ಆಗಲೇ ಮುಚ್ಚಳದ ಬಳಿ ಇತ್ತು. ಸಹೋದ್ಯೋಗಿಯೊಬ್ಬರು ಸಾಲನ್ನು ಕಡೆಯವರೆಗೂ ಓದಿ ತಡೆದುದರಿಂದ ಅನಾಹುತ ತಪ್ಪಿತು.

'ಮುಟ್ಟಿರಿ' ಎಂದೋ 'ಮುಟ್ಟಬೇಡಿರಿ' ಎಂದೋ ಕನ್ನಡದಲ್ಲಿಯೂ ಕೊನೆಗೇ ತಿಳಿಯುತ್ತದೆ. ಮಾತು ಮುಗಿಯುವವರೆಗೆ ಕಾಯುವ ಅಭ್ಯಾಸ ನಮ್ಮ ಮನೆಯದೇ. ಪರಭಾಷೆಯನ್ನು ಓದುವ ಆತುರದಲ್ಲಿ ಅದನ್ನು ನಾವು ಮರೆತಿದ್ದೆವು.