ಕಣಜದ ಬೆಕ್ಕಿನ ಉಗುರುಗಳ ಆರೈಕೆ

ಕಣಜವುಳ್ಳ ಮನೆಗಳಲ್ಲಿ ಬೆಕ್ಕನ್ನು ಸಾಕುವುದು ಇಲಿಗಳ ಕಾಟವನ್ನು ತಗ್ಗಿಸುವುದಕ್ಕಾಗಿ. ಇಲಿಯನ್ನು ಹಿಡಿಯುವುದಕ್ಕೂ, ನಾಯಿ ಅಟ್ಟಿದಾಗ ಮರವೇರಿ ಪ್ರಾಣವನ್ನುಳಿಸಿಕೊಳ್ಳುವುದಕ್ಕೂ ಉಗುರೇ ಅದಕ್ಕೆ ಸಾಧನ. ಆದುದರಿಂದ ಇಲಿ ಹಿಡಿಯುವ ದೃಢಕಾಯದ ಬೆಕ್ಕಿನ ಉಗುರನ್ನು ಕತ್ತರಿಸಕೂಡದು.

ಬೆಕ್ಕಿಗೆ ಮುಂಗಾಲೊಂದಕ್ಕೆ 5ರಂತೆಯೂ ಹಿಂಗಾಲೊಂದಕ್ಕೆ 4ರಂತೆಯೂ ಸಾಮಾನ್ಯವಾಗಿ 18 ಉಗುರುಗಳಿರುತ್ತವೆ. ಅದು ಮರವನ್ನು ಕೆರೆಯುವಾಗ ಉಗುರಿನ ಹಳೆಯ ಹೊರಪದರವು ಕಳಚಿ, ಒಳಗಿನ ಹರಿತವಾದ ಉಗುರು ಕಾಣಿಸಿಕೊಳ್ಳುತ್ತದೆ. ಇದಕ್ಕಾಗಿ ಕಣಜದ ಬಳಿ ಒರಟಾದ ಮರದ ತುಂಡೊಂದನ್ನು ನೆಡುವುದು ಉತ್ತಮ.

ಮುಪ್ಪಾದ ಬೆಕ್ಕು ಕೆರೆಯುವುದು ಕಡಿಮೆ. ಆಗ ಉಗುರು ದಪ್ಪನಾಗಿ ಬಾಗಿ, ಅಂಗಾಲಿನ ಮೆತ್ತೆಯೊಳಕ್ಕೆ ನಾಟಿ ಕೀವಾಗಬಹುದು. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದಿರುವ ಉಗುರನ್ನು ವಿಶೇಷವಾಗಿ ಪರೀಕ್ಷಿಸತಕ್ಕದ್ದು.

ಇಂತಹ ಉಗುರನ್ನು ಕತ್ತರಿಸುವಾಗ ಒಬ್ಬರು ಬೆಕ್ಕನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯಬೇಕು. ಇನ್ನೊಬ್ಬರು ಅದರ ಬೆರಳನ್ನು ಮೆಲ್ಲನೆ ಒತ್ತಿದರೆ ಉಗುರು ಹೊರಬರುವುದು. ಬುಡದಲ್ಲಿ ಕೆಂಪಾಗಿ ಕಾಣುವ ಭಾಗದಲ್ಲಿ ರಕ್ತವೂ ನರವೂ ಇರುವುದರಿಂದ ಅದನ್ನು ಮುಟ್ಟದೆ, ತುದಿಯ ಕೊಕ್ಕೆಯನ್ನು ಮಾತ್ರ ಹರಿತವಾದ ಕತ್ತರಿಯಿಂದ ತೆಗೆಯತಕ್ಕದ್ದು. ರಕ್ತ ಬಂದರೆ ಶುಭ್ರವಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿಹಿಡಿಯಬೇಕು. ಉಗುರು ಮೆತ್ತೆಗೆ ನಾಟಿದ್ದರೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಬೆಕ್ಕು ಪರಚಿ ಗಾಯವಾದರೆ ಸಾಬೂನು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಹುಚ್ಚುನಾಯಿ ರೋಗವು ಬೆಕ್ಕಿನಿಂದಲೂ ತಗಲುವುದುಂಟು. ರೋಗದ ಲಕ್ಷಣಗಳು ತಲೆದೋರಿದ ಮೇಲೆ ಪ್ರಾಣವುಳಿಯುವುದು ಅತಿ ವಿರಳ. ಗ್ರಾಮದ ಮುಖಂಡರು ಈ ಸಂಗತಿಯನ್ನು ಮನೆಮನೆಗೂ ತಿಳಿಯಪಡಿಸುವುದು ಅವಶ್ಯಕ.