ಸಂಗೀತವನ್ನು ಮೆಲ್ಲನೆ ಇಳಿಸುವ ಕ್ರಮ

ನಾಟಕದ ನಡುವೆ ಹಿನ್ನೆಲೆ ಸಂಗೀತವು ಥಟ್ಟನೆ ನಿಂತರೆ ರಸಭಂಗವಾಗುವುದು. ಅದನ್ನು ಮೆಲ್ಲಮೆಲ್ಲನೆ ಇಳಿಸುವ ಕಾರ್ಯವನ್ನು ವಿದ್ಯಾರ್ಥಿಗಳು ಕಂಪ್ಯೂಟರಿನ ‘ಸ್ಕ್ರಾಚ್’ ತಂತ್ರಾಂಶದಿಂದ ಸಾಧಿಸಬಹುದು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯು 2007ರಲ್ಲಿ ಇದನ್ನು ಮಕ್ಕಳಿಗಾಗಿ ಹೊರತಂದಿತು. ಆಜ್ಞೆಗಳನ್ನು ಬಣ್ಣದ ತುಂಡುಗಳಂತೆ ಒಂದರ ಕೆಳಗೊಂದು ಜೋಡಿಸುವುದೇ ಇದರ ರೀತಿ.

ಧ್ವನಿಯನ್ನು ನುಡಿಸಲು ಇಲ್ಲಿ ಎರಡು ಆಜ್ಞೆಗಳುಂಟು. ಒಂದು, ಹಾಡು ಮುಗಿಯುವ ತನಕ ಮುಂದಿನ ಆಜ್ಞೆಯನ್ನು ತಡೆದಿಡುವುದು. ಇನ್ನೊಂದು, ಹಾಡನ್ನು ಆರಂಭಿಸಿ ಒಡನೆಯೇ ಮುಂದಕ್ಕೆ ಸಾಗುವುದು. ನಮಗೆ ಬೇಕಾದುದು ಎರಡನೆಯದು. ಮೊದಲನೆಯದನ್ನಿಟ್ಟರೆ ಹಾಡು ಮುಗಿದ ಮೇಲೆ ಇಳಿಸುವ ಕೆಲಸವು ಮೊದಲಾಗುವುದು!

ಧ್ವನಿಯ ಮಟ್ಟವು 0ಯಿಂದ 100ರ ವರೆಗೆ ಇರುವುದು. ಇಳಿಸಬೇಕಾದಾಗ, ಮಟ್ಟವನ್ನು 2ರಷ್ಟು ತಗ್ಗಿಸಿ 0.1 ಸೆಕೆಂಡು ಕಾಯುವ ಕ್ರಮವನ್ನು 50 ಬಾರಿ ಆವರ್ತಿಸಬೇಕು. ಕೆಲವೇ ಸೆಕೆಂಡುಗಳಲ್ಲಿ ಸಂಗೀತವು ಮೌನದಲ್ಲಿ ಲೀನವಾಗುವುದು. ಕೊನೆಗೆ ಧ್ವನಿಗಳನ್ನು ನಿಲ್ಲಿಸುವ ಆಜ್ಞೆಯಿರಲಿ. ಇಲ್ಲವಾದರೆ ಹಾಡು ಕೇಳಿಸದೆಯೇ ಸಾಗುತ್ತಿರುವುದು.

ನಮ್ಮ ವಾರ್ಷಿಕೋತ್ಸವದ ಅಭ್ಯಾಸದಲ್ಲಿ ಮೊದಲ ಸಲ ಎಲ್ಲವೂ ಸರಿಯಾಯಿತು. ಎರಡನೆಯ ಸಲ ಸದ್ದೇ ಹೊರಡಲಿಲ್ಲ. ಧ್ವನಿವರ್ಧಕವು ಕೆಟ್ಟಿತೆಂದು ನಾವೆಲ್ಲರೂ ಗಾಬರಿಗೊಂಡೆವು. ನಿಜವಾಗಿ, ಹಿಂದೆ ಇಳಿಸಿದ ಮಟ್ಟವು 0ಯಲ್ಲಿಯೇ ಉಳಿದಿತ್ತು. ಆದುದರಿಂದ ಹಾಡನ್ನು ಆರಂಭಿಸುವ ಮೊದಲು ಮಟ್ಟವನ್ನು 100ಕ್ಕೆ ಏರಿಸುವ ಆಜ್ಞೆಯು ಅವಶ್ಯ. ಯಂತ್ರವು ನಮ್ಮ ಇಂಗಿತವನ್ನು ಊಹಿಸದು, ಹೇಳಿದುದನ್ನಷ್ಟೇ ಮಾಡುವುದು.