ಮಗಳು ಜರ್ಮನಿಗೆ ಹೊರಟಳೇ? ಮೊದಲು ವಸತಿ ವಿಚಾರಿಸಿ

ಚಟ್ನಿಪುಡಿ, ತೊಕ್ಕು ಡಬ್ಬಿಗೆ ತುಂಬಿದ್ದಾಯಿತು, ಸರಿ. ಓದಲು ಜರ್ಮನಿಗೆ ಹೊರಟ ಮಗಳು ಅಲ್ಲಿ ಇರೋದೆಲ್ಲಿ? ಸೀಟು ಸಿಕ್ಕರೆ ಹಾಸ್ಟೆಲೂ ಸಿಕ್ಕಂತೆ ಎಂದು ತಿಳಿಯಬೇಡಿ. ಅಲ್ಲಿ ವಸತಿಯನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕು.

ಸಾಮಾನ್ಯವಾಗಿ ಅಗ್ಗವಾದದ್ದು 'ಸ್ಟುಡೀರೆಂಡನ್‌ವೆರ್ಕ್' ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಗಳ ಹಾಸ್ಟೆಲು. ಮ್ಯೂನಿಕ್‌ನಂಥ ಊರಿನಲ್ಲಿ ಅದಕ್ಕೆ ಸರದಿ ಬಲು ಉದ್ದ. ಪ್ರವೇಶಪತ್ರ ಕೈಸೇರಿದ ದಿನವೇ ಅರ್ಜಿ ಹಾಕಿಸಿ.

ಇನ್ನೊಂದು 'ವೇಗೇ'. ಮೂರು-ನಾಲ್ಕು ಮಂದಿ ಸೇರಿ ಮನೆ ಹಿಡಿಯುತ್ತಾರೆ. ಒಬ್ಬೊಬ್ಬರಿಗೆ ಒಂದು ಕೋಣೆ, ಅಡಿಗೆಮನೆ ಎಲ್ಲರಿಗೂ ಒಂದೇ. ಹುಡುಗ ಹುಡುಗಿಯರು ಒಂದೇ ಮನೆಯಲ್ಲಿರುವುದು ಅಲ್ಲಿ ಸಾಮಾನ್ಯ. ಗಾಬರಿಯಾಗಬೇಡಿ, ಹೆಣ್ಣುಮಕ್ಕಳೇ ಇರುವ ಮನೆಗಳೂ ಸಿಗುತ್ತವೆ. ಪಾತ್ರೆ, ಕಸದ ಕೆಲಸ ಹಂಚಿಕೊಂಡೇ ಮಾಡಬೇಕು. ಹೊರಡುವುದು ಮಗನಾದರೆ ಈಗಲೇ ಕಲಿಸಿ!

ಬಾಡಿಗೆಯಲ್ಲೂ ಎರಡು ಬಗೆ. 'ತಣ್ಣನೆ ಬಾಡಿಗೆ' ಬರೀ ಜಾಗದ್ದು. 'ಬಿಸಿ ಬಾಡಿಗೆ'ಯಲ್ಲಿ ಕೋಣೆ ಬೆಚ್ಚಗಿಡುವ ಖರ್ಚು, ನೀರು ಇತ್ಯಾದಿ ಸೇರಿರುತ್ತೆ. ಕರೆಂಟು ಎಷ್ಟೋ ಸಲ ಬೇರೆ. ಯಾವುದನ್ನು ಹೇಳುತ್ತಿದ್ದಾರೆಂದು ಕೇಳಿಕೊಳ್ಳಿ. ಕಾನೂನಿನಂತೆ ಮುಂಗಡವು 3 ತಿಂಗಳ ತಣ್ಣನೆ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನೂ 3 ಕಂತುಗಳಲ್ಲಿ ಕಟ್ಟಬಹುದು.

ಮುಖ್ಯವಾದ ಮಾತು: ಮನೆ ತೋರಿಸದೆ, 'ದುಡ್ಡು ಕಳಿಸಿ, ಬೀಗದಕೈ ಅಂಚೆಯಲ್ಲಿ ಬರುತ್ತೆ' ಎನ್ನುವವರಿಗೆ ಬಿಡಿಗಾಸೂ ಕಳಿಸಬೇಡಿ. ಹೊಸಬರ ಅವಸರವೇ ಮೋಸಗಾರರ ಬಂಡವಾಳ. ಮನೆ ಸೇರಿದ 2 ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. ಪತ್ರ ಕೊಡೋಲ್ಲ ಎನ್ನುವವರ ಮನೆ ಬೇಡವೇ ಬೇಡ.

ಒಳ್ಳೆಯ ಮನೆ ಸಿಗುವುದು ಒಂದೆರಡು ತಿಂಗಳು ತಡವಾದೀತು. ಅಲ್ಲಿಯವರೆಗಿನ ತಂಗುವ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಟ್ಟರೆ ಮಗಳಿಗೂ ಧೈರ್ಯ, ನಿಮಗೂ ನೆಮ್ಮದಿ.